ಆಟದ ಕಟ್ಟಳೆ, ಆಟಗಾರನ ಭಾಷೆ: ದಾದರನ್ನು ಮುಂದಿಟ್ಟುಕೊಂಡು ಒಂದು ವಿಚಾರ

ಚೌಕಾಬಾರ ಆಡಲು ಕುಳಿತ ನಾಲ್ವರು ಕವಡೆ ಎಸೆಯುವ ಮೊದಲು ಒಂದೆರಡು ಮಾತುಗಳನ್ನು ಇತ್ಯರ್ಥಪಡಿಸಿಕೊಳ್ಳುವುದು ವಾಡಿಕೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತನ್ನು ಹೊಗಬಹುದೆ, ಕೂಡದೆ ಎಂಬುದು ಮನೆಯಿಂದ ಮನೆಗೆ ಬೇರೆಯಾಗುವ ಕಟ್ಟಳೆ. ತಕರಾರು ಹುಟ್ಟಿದರೆ ಹಿರಿಯರೊಬ್ಬರ ಮಾತಿಗೆ ಅದು ಮುಗಿಯುತ್ತದೆ. ಕಟ್ಟಳೆ ಮಾಡುವವರೂ ಆಡುವವರೂ ಒಂದೇ ಚಾಪೆಯ ಮೇಲಿರುವುದರಿಂದ ಇಲ್ಲಿ ಪ್ರಕಟಣೆಯ ಅಗತ್ಯವೇ ಬೀಳುವುದಿಲ್ಲ. ಆನ್‌ಲೈನ್ ಆಟದಲ್ಲಿ ಈ ಚಾಪೆ ಇಲ್ಲ. ಕಟ್ಟಳೆಯು ನಿರ್ಮಾಪಕ ಸಂಸ್ಥೆಯ ಗಣಕಗಳಲ್ಲಿದ್ದು, ಒಂದೇ ರಾತ್ರಿಯಲ್ಲಿ ಲಕ್ಷಾಂತರ ಜನರಿಗೆ ಏಕಕಾಲದಲ್ಲಿ ಬದಲಾಗಬಲ್ಲದು. ಆದುದರಿಂದ ನಿರ್ಮಾಪಕನು ಆಟಗಾರರೊಡನೆ ಮಾತನಾಡಲೇಬೇಕಾಗುತ್ತದೆ. ಆ ಮಾತು ಯಾವ ಬಗೆಯದು, ಹೊರನಾಡ ಕನ್ನಡಿಗನನ್ನು ಅದು ಯಾವ ಭಾಷೆಯಲ್ಲಿ ತಲಪುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಈ ಪರಿಶೀಲನೆಗೆ ನಾವು ದಾದರನ್ನು ಆರಿಸಿಕೊಂಡಿರುವುದಕ್ಕೆ ಕಾರಣವುಂಟು. ಮುಂಬಯಿಯ ಪಶ್ಚಿಮ ಮತ್ತು ಮಧ್ಯ ರೈಲುಮಾರ್ಗಗಳೆರಡೂ ಕೂಡುವ ನಿಲ್ದಾಣ ಅದು. ಮೈಸೂರಿಗೆ ಹೋಗುವ ಶರಾವತಿ ಎಕ್ಸ್‌ಪ್ರೆಸ್ ಅಲ್ಲಿಂದಲೇ ಹೊರಡುತ್ತದೆ. 1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ ಇರುವ ಮಾಟುಂಗ ಅದರ ನೆರೆಯದು. ಈ ಭಾಗದ ಕನ್ನಡಿಗರು ಒಂದೇ ಎರಕದವರಲ್ಲ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ ಕನ್ನಡವನ್ನು ಓದುವವರು, ಬಿಜಾಪುರ ಕಲಬುರ್ಗಿಗಳ ಕಡೆಯಿಂದ ದುಡಿಮೆಗೆ ಬಂದವರು, ಕನ್ನಡ ಮಾತನಾಡಬಲ್ಲರಾದರೂ ಅಕ್ಷರ ತಿಳಿಯದ ಎರಡನೆಯ ಮೂರನೆಯ ತಲೆಮಾರಿನವರು, ಎಲ್ಲರೂ ಇದ್ದಾರೆ. ಲೋಕಲ್ ರೈಲಿನಲ್ಲಿ ಮೊಬೈಲಿನ ಆಟದಲ್ಲಿ ಮಗ್ನನಾದ ತರುಣನ ಮಾತೃಭಾಷೆ ಯಾವುದೆಂದು ಪಕ್ಕದಲ್ಲಿ ನಿಂತವನಿಗೂ ತಿಳಿಯದು.

ನಿರ್ಮಾಪಕರ ಪ್ರಕಟಣೆಗಳು ಹಲವು ಬಗೆಯವು. ಹೊಸ ಆವೃತ್ತಿಯಲ್ಲಿ ಏನೇನು ಬದಲಾಯಿತೆಂಬ ಪಟ್ಟಿ, ದುರಸ್ತಿಗಾಗಿ ಆಟ ನಿಲ್ಲುವ ವೇಳೆ ಮೊದಲಾದವುಗಳಲ್ಲಿ ಭಾಷೆಯ ತೊಡಕು ಅಷ್ಟಾಗಿಲ್ಲ. ಅರ್ಥವಾಗದಿದ್ದರೂ ಆಡುತ್ತ ಆಡುತ್ತ ತಿಳಿಯುತ್ತದೆ. ಮುಂದೆ ಬರಲಿರುವುದರ ಬಗೆಗಿನ ಭರವಸೆ ಇನ್ನೊಂದು ಬಗೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರವು ಪಬ್‌ಜಿ ಮೊಬೈಲ್ ಸೇರಿದಂತೆ 118 ಆ್ಯಪ್‌ಗಳನ್ನು ತಡೆಹಿಡಿದ ಎರಡೇ ದಿನಗಳಲ್ಲಿ, ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಸಂಸ್ಥೆಯ ‘ಫೌಜಿ’ ಆಟದ ಘೋಷಣೆ ಚಿತ್ರನಟರೊಬ್ಬರ ಬಾಯಿಂದ ಹೊರಬಿತ್ತು. ಆಟ ಬಂದದ್ದು 2021ರ ಜನವರಿ 26ರಂದು. ನಡುವಣ ತಿಂಗಳುಗಳಲ್ಲಿ ಘೋಷಣೆ ಬೆಳೆಸಿದ ನಿರೀಕ್ಷೆಗೂ ಕೈಗೆ ಬಂದ ಆಟಕ್ಕೂ ಅಂತರವಿದ್ದುದರಿಂದ ಆಟಗಾರರು ಕೊಟ್ಟ ಅಂಕಗಳು ಬೇಗನೆ ಇಳಿದವು. ಆದರೂ ಇಲ್ಲಿ ನಷ್ಟವಾದುದು ಉತ್ಸಾಹ ಮಾತ್ರ.

ಶಿಕ್ಷೆಯ ಪ್ರಕಟಣೆ ಹಾಗಲ್ಲ. ದಕ್ಷಿಣ ಕೊರಿಯಾದ ಕ್ರಾಫ್ಟನ್ ಸಂಸ್ಥೆಯು 2021ರ ಜುಲೈ 2ರಂದು ಭಾರತಕ್ಕೆಂದೇ ಹೊರತಂದ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ದಲ್ಲಿ ಮೋಸದಾಟಕ್ಕೆ ಖಾತೆಯನ್ನು ಮುಚ್ಚುವ ಕ್ರಮ ಮೊದಲಿಂದಲೂ ಇತ್ತು. 2021ರ ಡಿಸೆಂಬರಿನಲ್ಲಿ, ಮೋಸಕ್ಕೆ ಬಳಸಿದ ಮೊಬೈಲನ್ನೇ ಹೊರಗಿಡುವುದಾಗಿ ಸಂಸ್ಥೆ ಪ್ರಕಟಿಸಿತು. ಒಬ್ಬನಿಗೊಂದು ಮೊಬೈಲ್ ಇರುವ ಮನೆಗೆ ಇದು ಸಣ್ಣ ಮಾತು. ಒಂದೇ ಮೊಬೈಲನ್ನು ಅಣ್ಣತಂಗಿಯರು ಹಂಚಿಕೊಳ್ಳುವ ಚಾಳಿನ ಕೋಣೆಯಲ್ಲಿ ಅಣ್ಣನ ತಪ್ಪು ತಂಗಿಯ ಆಟವನ್ನೂ ಕೆಡಿಸುತ್ತದೆ. ಅಂಥ ಸೂಚನೆ ಅರ್ಥವಾಗದೆ ಹೋದರೆ ಮನವಿ ಸಲ್ಲಿಸುವ ದಾರಿಯೂ ತಿಳಿಯದೆ ಹೋಗುತ್ತದೆ.

ಹಣದ ಸಂಗತಿ ಇನ್ನೂ ತೀಕ್ಷ್ಣವಾದುದು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ತಡೆಯುವ ಕರ್ನಾಟಕದ ಪೊಲೀಸ್ ಕಾಯಿದೆಯ ತಿದ್ದುಪಡಿ 2021ರ ಅಕ್ಟೋಬರ್ 5ರಂದು ಜಾರಿಗೆ ಬಂದಿತು. ಮುಂಬಯಿಯ ಸಂಸ್ಥೆಯಾದ ಡ್ರೀಮ್ ಇಲೆವನ್ ಅದೇ ತಿಂಗಳು ಕರ್ನಾಟಕದಲ್ಲಿ ತನ್ನ ವ್ಯವಹಾರವನ್ನು ನಿಲ್ಲಿಸಿತು. ಮಹಾರಾಷ್ಟ್ರಕ್ಕೆ ಆ ಕಾನೂನು ಅನ್ವಯಿಸುತ್ತಿರಲಿಲ್ಲ. ಆ ದಿನಗಳಲ್ಲಿ ದಾದರಿನಿಂದ ಊರಿಗೆ ಹೊರಟ ಆಟಗಾರನೊಬ್ಬನನ್ನು ಊಹಿಸಿಕೊಳ್ಳೋಣ. ರೈಲು ಮೀರಜನ್ನು ದಾಟಿ ಬೆಳಗಾವಿ ಜಿಲ್ಲೆಯನ್ನು ಹೊಕ್ಕೊಡನೆ ಅವನ ಪಾಲಿಗೆ ಆಟ ಬಾಗಿಲು ಹಾಕಿಕೊಳ್ಳಬೇಕು. ಕರ್ನಾಟಕದ ಉಚ್ಚ ನ್ಯಾಯಾಲಯವು 2022ರ ಫೆಬ್ರವರಿ 14ರಂದು ಆ ವಿಧಿಗಳನ್ನು ಅಸಿಂಧುಗೊಳಿಸಿತು. ಮುಂದೆ 2025ರ ಆಗಸ್ಟಿನಲ್ಲಿ ಸಂಸತ್ತಿನ ಕಾಯಿದೆಯೇ ಹಣದಾಟವನ್ನು ದೇಶಾದ್ಯಂತ ನಿಷೇಧಿಸಿತು. ಡ್ರೀಮ್ ಇಲೆವನ್ ಹಣದ ಸ್ಪರ್ಧೆಗಳನ್ನು ನಿಲ್ಲಿಸಿ, ಖಾತೆಯಲ್ಲುಳಿದ ಹಣವನ್ನು ಹಿಂಪಡೆಯಬಹುದೆಂದು ಆಟಗಾರರಿಗೆ ತಿಳಿಸಿತು. ಇಂಥ ಒಂದು ವಾಕ್ಯವನ್ನು ತಪ್ಪಿಲ್ಲದೆ ಓದಿಕೊಳ್ಳಬಲ್ಲವನ ಹಣ ಅವನ ಕೈಸೇರುತ್ತದೆ.

ಇಲ್ಲಿ ನಮಗೆ ಮುಖ್ಯವೆನಿಸುವ ವಿಷಯವೊಂದಿದೆ. ಆಟಗಾರನು ಯಾವ ರಾಜ್ಯದಲ್ಲಿದ್ದಾನೆಂಬುದನ್ನು ಯಂತ್ರ ಕ್ಷಣದಲ್ಲಿ ಕಂಡುಕೊಳ್ಳುತ್ತದೆ. ಅವನ ಭಾಷೆ ಯಾವುದೆಂದು ಕೇಳುವ ಗೋಜಿಗೆ ಹೋಗುವುದು ಅಪರೂಪ. ಪ್ರಕಟಣೆಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೂ ಕೆಲಮಟ್ಟಿಗೆ ಹಿಂದಿಯಲ್ಲಿಯೂ ಹೊರಡುತ್ತವೆ. ಕಾನೂನಿನ ನೋಟವಾದರೋ ಇದಕ್ಕೆ ವಿರುದ್ಧವಾದುದು. ಮಾಹಿತಿ ತಂತ್ರಜ್ಞಾನ ನಿಯಮಗಳಿಗೆ 2022ರ ಅಕ್ಟೋಬರ್ 28ರಂದು ಆದ ತಿದ್ದುಪಡಿಯ ಮೇರೆಗೆ, ಆ ನಿಯಮಗಳಿಗೆ ಒಳಪಡುವ ಸಂಸ್ಥೆಗಳು ತಮ್ಮ ಕಟ್ಟಳೆಗಳನ್ನೂ ಬಳಕೆದಾರನೊಡನೆ ಮಾಡಿಕೊಳ್ಳುವ ಒಡಂಬಡಿಕೆಯನ್ನೂ ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಯೊಂದರಲ್ಲಾಗಲಿ, ಅವನ ಆಯ್ಕೆಯಂತೆ ತಿಳಿಸತಕ್ಕದ್ದು. ಖಾಸಗಿ ಮಾಹಿತಿಯನ್ನು ಕುರಿತ 2023ರ ಕಾಯಿದೆಯೂ ಸಮ್ಮತಿ ಕೇಳುವಾಗ ಇದೇ ಆಯ್ಕೆಯನ್ನು ಕೊಡುತ್ತದೆ. ಆಯ್ಕೆ ವ್ಯಕ್ತಿಯದು, ಅವನು ನಿಂತ ನೆಲದ್ದಲ್ಲ. ಧಾರವಾಡದವನಿಗೆ ಕನ್ನಡದ ಮೇಲೆ ಇರುವಷ್ಟೇ ಹಕ್ಕು ದಾದರಿನವನಿಗೂ ಇದೆ ಎಂದಾಯಿತು. ಹೊರನಾಡಿನ ಭಾಷಾಸ್ಥಿತಿಯನ್ನು ಅಭ್ಯಸಿಸುವವರು ಈ ಅಂಶವನ್ನು ಗಮನಿಸಬೇಕೆಂದು ನಮ್ಮ ಅರಿಕೆ. ತುಳುವು ಆ ಅನುಸೂಚಿಯಲ್ಲಿಲ್ಲದ ಕಾರಣ ತುಳು ಮನೆಮಾತಿನವರೂ ಈ ಹಕ್ಕಿಗಾಗಿ ಕನ್ನಡದ ಕಡೆಗೇ ತಿರುಗಬೇಕಾದೀತು.

ಇನ್ನು ಕನ್ನಡದಲ್ಲಿ ಹೇಳುವುದಾದರೆ ಹೇಗೆ? ಇಂಗ್ಲಿಷಿನ ‘ಬ್ಯಾನ್’ ಎಂಬ ಒಂದೇ ಪದ ಸರಕಾರವು ಆಟವನ್ನು ತಡೆಯುವುದಕ್ಕೂ ಸಂಸ್ಥೆಯು ಆಟಗಾರನನ್ನು ಹೊರಹಾಕುವುದಕ್ಕೂ ಸಲ್ಲುತ್ತದೆ. ಎರಡನ್ನೂ ‘ನಿಷೇಧ’ವೆಂದರೆ ಆಟಗಾರನಿಗೆ ದಿಗಿಲು: ತಪ್ಪು ತನ್ನದೋ, ಕಾನೂನಿನ ದೆಸೆಯಿಂದ ಆಟವೇ ನಿಂತಿತೋ? ಸ್ವಲ್ಪ ಕಾಲ ಹೊರಗಿಡುವುದಕ್ಕೆ ‘ಅಮಾನತು’, ಕಾಯಂ ಆಗಿ ಮುಚ್ಚುವುದಕ್ಕೆ ‘ಖಾತೆ ರದ್ದು’ ಎಂಬ ಮಾತುಗಳು ಕಚೇರಿಯ ಬಳಕೆಯಿಂದ ಎಲ್ಲರಿಗೂ ಪರಿಚಿತ, ಅವು ಸಾಕು. ‘ನಿಷೇಧ’ವನ್ನು ಸರಕಾರದ ಕ್ರಮಕ್ಕೇ ಬಿಡಬಹುದು. ಸಂಬೋಧನೆಯೂ ಯೋಚಿಸತಕ್ಕ ಸಂಗತಿ. ಆಟಕ್ಕೆ ಕರೆಯುವಾಗ ‘ಬಾ, ಆಡು’ ಎನ್ನುವ ಸಲುಗೆ ಒಪ್ಪೀತು. ಅದೇ ಏಕವಚನದಲ್ಲಿ ‘ನಿನ್ನ ಖಾತೆ ರದ್ದಾಗಿದೆ’ ಎಂದರೆ ಗದರಿಕೆಯಾಗುತ್ತದೆ. ಆಟಗಾರನ ವಯಸ್ಸು ಹದಿನೆಂಟೋ ಐವತ್ತೋ ತಿಳಿಯದಿರುವಲ್ಲಿ ‘ನೀವು’ ಎನ್ನುವುದೇ ಲೇಸು.

ಕನ್ನಡದ ಅಕ್ಷರ ಬಾರದ ದಾದರಿನ ಹುಡುಗನ ಪ್ರಶ್ನೆ ಇನ್ನೂ ಉಳಿದಿದೆ. ಅವನಿಗೆ ಅಚ್ಚಾದ ಕನ್ನಡಕ್ಕಿಂತ ಕೇಳಿಸುವ ಕನ್ನಡ ಹೆಚ್ಚು ಉಪಯುಕ್ತ. ಆಟಗಳಲ್ಲಿ ಧ್ವನಿಯ ಬಳಕೆ ಈಗಾಗಲೇ ಇರುವುದರಿಂದ ತಾಂತ್ರಿಕ ಅಡ್ಡಿ ದೊಡ್ಡದಲ್ಲ. ನಿಯಮದ ಪಾಠವೂ ಭಾಷೆಯ ಆಯ್ಕೆಯನ್ನು ಹೇಳುತ್ತದೆಯೇ ಹೊರತು ಲಿಪಿಯ ಮಾತನ್ನೆತ್ತುವುದಿಲ್ಲ.