ಕಡ ತಂದ ದನಿ, ಸ್ವಂತ ಹಾಡು

ಕಳೆದ ವರ್ಷದ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಯಲಹಂಕದ ಕಡೆಯ ಗೃಹಸ್ಥರೊಬ್ಬರು ಮಗಳ ನೋಟ್‌ಬುಕ್ಕನ್ನು ನನ್ನ ಕೈಗಿತ್ತರು. "ಫಾದರ್, ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಇವಳು ಕವಿತೆ ಬರೆಯುತ್ತ ಕೂತಿದ್ದಾಳೆ. ಅದೂ ಸ್ವಂತದ್ದಲ್ಲ, ದೊಡ್ಡ ಕವಿಗಳ ನಕಲು. ನೀವಾದರೂ ಬುದ್ಧಿ ಹೇಳಿ" ಎಂದರು. ಬಾಲಕಿ ತಲೆ ತಗ್ಗಿಸಿ ನಿಂತಿದ್ದಳು.

ಪುಟಗಳನ್ನು ತಿರುವಿದೆ. ಎಲ್ಲವೂ ಇಂಗ್ಲಿಷಿನಲ್ಲಿ. ವರ್ಡ್ಸ್‌ವರ್ತನ ಛಾಯೆ ನಿಚ್ಚಳವಾಗಿತ್ತು. ಆಕೆ ಎಂದೂ ಕಂಡಿರದ ಹೂಗಳು ಅಲ್ಲಿ ಅರಳಿದ್ದವು. ತಂದೆಯ ಮಾತು ಸುಳ್ಳಾಗಿರಲಿಲ್ಲ. ಆದರೂ ಬುದ್ಧಿ ಹೇಳಲು ನನಗೆ ಬಾಯಿ ಬರಲಿಲ್ಲ.

ಅದಕ್ಕೆ ಕಾರಣವಿದೆ. ಗುರುದೀಕ್ಷೆ ಪಡೆದ ಹೊಸತರಲ್ಲಿ ಹುಡುಗನೊಬ್ಬ ಇಂಥದೇ ಪುಸ್ತಕವನ್ನು ನನಗೆ ತೋರಿಸಿದ್ದ. "ಇದರಲ್ಲಿ ಕುವೆಂಪು ಇದ್ದಾರೆ, ನೀನೆಲ್ಲಿದ್ದೀಯಪ್ಪ?" ಎಂದು ನಾನು ನಕ್ಕುಬಿಟ್ಟೆ. ಅವನೂ ನಕ್ಕ. ಮತ್ತೆಂದೂ ಕವಿತೆ ತರಲಿಲ್ಲ. ಅನುಕರಣೆಯು ಮನುಷ್ಯನಿಗೆ ಬಾಲ್ಯದಿಂದಲೇ ಸಹಜವಾದುದು, ಅವನ ಮೊದಲ ಕಲಿಕೆ ಅದರಿಂದಲೇ ಆಗುತ್ತದೆ ಎಂದು ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಹೇಳಿದ್ದಾನೆ. ಗುರುಮಠದಲ್ಲಿ ಅದನ್ನು ಪರೀಕ್ಷೆಗೆ ಬರೆದು ತೇರ್ಗಡೆಯಾದವನು ನಾನು. ಎದುರಿಗೆ ನಿಂತ ಹುಡುಗನ ವಿಷಯದಲ್ಲಿ ಮಾತ್ರ ಅದು ನೆನಪಿಗೆ ಬರಲಿಲ್ಲ.

ನಾನು ಅಂದು ಹೆಸರೆತ್ತಿದ ಕುವೆಂಪು ಅವರೇ ಹದಿಹರೆಯದಲ್ಲಿ ಇತರರ ದನಿಯಲ್ಲಿ ಹಾಡಿದವರೆಂಬುದು ವಿಚಾರ ಮಾಡತಕ್ಕ ಸಂಗತಿ. 1904ರಲ್ಲಿ ಜನಿಸಿದ ಅವರು ಮಲೆನಾಡಿನ ಕುಪ್ಪಳಿಯಿಂದ ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿಗೆ ಓದಲು ಬಂದು ಇಂಗ್ಲಿಷ್ ಕವಿಗಳಿಗೆ ಮಾರುಹೋದರು. ಅವರ ಮೊದಲ ಕವನ ಸಂಕಲನ 'ಬಿಗಿನರ್ಸ್ ಮ್ಯೂಸ್' 1922ರಲ್ಲಿ ಇಂಗ್ಲಿಷಿನಲ್ಲೇ ಹೊರಬಂದಿತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ತರುಣ ಪುಟ್ಟಪ್ಪ ತಮ್ಮ ಇಂಗ್ಲಿಷ್ ಕವನಗಳನ್ನು ಅವರಿಗೆ ತೋರಿಸಿದರು. ಮೆಚ್ಚುಗೆಯನ್ನು ನಿರೀಕ್ಷಿಸಿದ್ದ ತರುಣನಿಗೆ ದೊರೆತದ್ದು ತಾಯ್ನುಡಿಯಲ್ಲಿ ಬರೆಯಬೇಕೆಂಬ ಸಲಹೆ. ಆ ಕ್ಷಣಕ್ಕೆ ಅದು ರುಚಿಸಲಿಲ್ಲ. ಆದರೆ ಬೀಜ ನೆಲಕ್ಕೆ ಬಿದ್ದಿತ್ತು. ಮುಂದಿನದು ಕನ್ನಡ ನಾಡು ಬಲ್ಲ ಕಥೆ.

ಕಸಿನ್ಸ್ ಅವರು ಬರೆಯುವುದನ್ನು ನಿಲ್ಲಿಸು ಎನ್ನಲಿಲ್ಲ, ನಿನ್ನ ನುಡಿಯಲ್ಲಿ ಬರೆ ಎಂದರು. ಎರಡರ ನಡುವಿನ ಅಂತರ ಅಗಾಧವಾದುದು. ಕನ್ನಡಕ್ಕೆ ಮರಳಿದ ಕುವೆಂಪು ಕೂಡ ತಾವು ಮೆಚ್ಚಿದವರನ್ನು ಮರೆಯಲಿಲ್ಲ. 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯದಲ್ಲಿ ಪಂಪ, ಕುಮಾರವ್ಯಾಸರ ಜೊತೆಗೆ ಹೋಮರ್, ವರ್ಜಿಲ್, ದಾಂತೆ, ಮಿಲ್ಟನ್ನರಿಗೂ ಕೈಮುಗಿದಿದ್ದಾರೆ. ನಕಲು ಮಾಡುವವನು ಮೂಲವನ್ನು ಬಚ್ಚಿಡುತ್ತಾನೆ. ಕಲಿಯುವವನು ಋಣವನ್ನು ಒಪ್ಪಿಕೊಳ್ಳುತ್ತಾನೆ.

ಈ ಸತ್ಯ ನಮ್ಮ ಪವಿತ್ರ ಗ್ರಂಥದಲ್ಲಿಯೂ ಇದೆ. ಸಂತ ಲೂಕರ ಶುಭಸಂದೇಶದಲ್ಲಿ ಮಾತೆ ಮರಿಯಮ್ಮನವರು ಎಲಿಜಬೇತಳ ಮನೆಯಲ್ಲಿ ಹಾಡಿದ ಸ್ತುತಿಗೀತೆಯನ್ನು ನಾವು ಬಲ್ಲೆವು. ಸಮುವೇಲನ ತಾಯಿ ಹನ್ನಳು ಶತಮಾನಗಳ ಹಿಂದೆ ಹಾಡಿದ ಗೀತೆಯ ಪ್ರತಿಧ್ವನಿ ಅದರಲ್ಲಿದೆ. ಹಾಗೆಂದು ಅದನ್ನು ಯಾರಾದರೂ ನಕಲು ಎಂದಾರೆಯೇ? ಹಳೆಯ ಹಾಡಿನ ಸಂಪ್ರದಾಯದಲ್ಲಿ ಬೆಳೆದ ತರುಣಿಯ ಸ್ವಂತ ಸಂತೋಷ ಅದು.

2025ರಲ್ಲಿ ದೈವಾಧೀನರಾದ ಪೋಪ್ ಫ್ರಾನ್ಸಿಸ್ ಅವರೂ ಒಮ್ಮೆ ಸಾಹಿತ್ಯದ ಮೇಷ್ಟರಾಗಿದ್ದರು. 1964–65ರಲ್ಲಿ ಅರ್ಜೆಂಟೀನಾದ ಸಾಂತಾ ಫೆಯ ಯೇಸುಸಭೆಯ ಶಾಲೆಯಲ್ಲಿ ಅವರು ಹಳೆಯ ಕಾವ್ಯ 'ಎಲ್ ಸಿದ್' ಅನ್ನು ಕಲಿಸಬೇಕಿತ್ತು. ಹುಡುಗರಿಗೆ ಬೇಕಾದದ್ದು ಗಾರ್ಸಿಯಾ ಲೋರ್ಕಾ. ಅದನ್ನು ಮನೆಯಲ್ಲಿ ಓದಿಕೊಳ್ಳಿ, ತರಗತಿಯಲ್ಲಿ ನಿಮ್ಮ ಮೆಚ್ಚಿನ ಲೇಖಕರನ್ನು ಚರ್ಚಿಸೋಣ ಎಂದು ಅವರು ತೀರ್ಮಾನಿಸಿದರು. 2024ರ ಜುಲೈಯಲ್ಲಿ ಸಾಹಿತ್ಯವನ್ನು ಕುರಿತು ಬರೆದ ಪತ್ರದಲ್ಲಿ ಇದನ್ನು ಅವರೇ ನೆನೆದಿದ್ದಾರೆ. ಮಕ್ಕಳ ಮೆಚ್ಚುಗೆಯೇ ಅವರ ಮನಸ್ಸಿನ ಬಾಗಿಲೆಂಬುದನ್ನು ಅವರು ಅರಿತಿದ್ದರು.

ಆ ಬಾಲಕಿಯನ್ನು ನಾನು ಕೇಳಿದ್ದು ಇಷ್ಟೇ: "ಮಗಳೇ, ಈ ಕವಿಯನ್ನು ಬಿಡಬೇಡ. ಆತ ತನ್ನ ಊರಿನ ಹೂವನ್ನು ನೋಡಿದ ಹಾಗೆ ನಿನ್ನ ಮನೆಯಲ್ಲಿ ಒಂದನ್ನು ನೋಡು. ಮನೆಯ ಮಾತಿನಲ್ಲೇ ಬರೆದು ತಾ." ಪಾಠದ ಹೊತ್ತಿಗೆ ಪಾಠ ಎಂಬ ಷರತ್ತನ್ನೂ ಹಾಕಿದೆ. ತಂದೆಯ ಚಿಂತೆಯೂ ನ್ಯಾಯವಾದದ್ದೇ ತಾನೆ?

ಎರಡು ವಾರಗಳ ಮೇಲೆ ಅರ್ಧ ಪುಟದ ಕನ್ನಡ ಕವಿತೆ ಬಂದಿತು. ಅಪಾರ್ಟ್‌ಮೆಂಟುಗಳು ಏಳುವ ಮುನ್ನ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡಿದ ಅಜ್ಜಿಯ ಬೆರಳುಗಳ ಬಗ್ಗೆ. ಪ್ರಾಸ ಅಲ್ಲಲ್ಲಿ ತಪ್ಪಿತ್ತು. ತಂದೆ ಅದನ್ನು ಓದಿದರು, ಮತ್ತೊಮ್ಮೆ ಓದಿದರು. ಅಜ್ಜಿ ಎಂದರೆ ಅವರ ತಾಯಿ. ಅವರು ಏನನ್ನೂ ಹೇಳದೆ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ತಂದೆತಾಯಂದಿರೇ, ನಿಮ್ಮ ಮಗುವಿನ ಕವಿತೆಯಲ್ಲಿ ಬೇರೊಬ್ಬರ ದನಿ ಕೇಳಿಸಿದರೆ ನಗಬೇಡಿ. ನಾನು ಒಮ್ಮೆ ನಕ್ಕಿದ್ದೇನೆ. ಆ ಹುಡುಗನ ಸ್ವಂತ ದನಿ ಹೇಗಿರುತ್ತಿತ್ತೆಂಬುದು ನನಗೆ ಇಂದಿಗೂ ತಿಳಿಯದು.