ಅರ್ಜಿ ತುಂಬಲು ಲ್ಯಾಪ್‌ಟಾಪ್: ಏನು ನೋಡಿ ಆರಿಸಿದೆವು



ಟ್ರಸ್ಟಿನ ಡೆಸ್ಕ್‌ಟಾಪ್ ಕೆಟ್ಟಿರಲಿಲ್ಲ. ಆದರೆ ಕರೆಂಟ್ ಹೋದರೆ ಎಸ್‌ಎಸ್‌ಪಿ ಅರ್ಜಿ ಅರ್ಧಕ್ಕೇ ನಿಲ್ಲುತ್ತಿತ್ತು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ತಾಯಂದಿರು ಇನ್ನೊಂದು ದಿನದ ಕೂಲಿ ಬಿಟ್ಟು ಬರಬೇಕಾಗುತ್ತಿತ್ತು. ಯುಪಿಎಸ್ ಸಾಕಲ್ಲವೇ ಎಂದು ಕೆಲವರು ಕೇಳಿದರು. ಅದನ್ನು ಹೊತ್ತು ಚಿಂತಾಮಣಿ, ಗೌರಿಬಿದನೂರಿಗೆ ಹೋಗಲಾದೀತೇ? ಇನ್ನೊಂದು ಕಾರಣ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ನಮ್ಮ ಹಳೆಯ ಯಂತ್ರ ವಿಂಡೋಸ್ 11ಕ್ಕೆ ಒಗ್ಗಲಿಲ್ಲ. ಮಕ್ಕಳ ಆಧಾರ್, ಬ್ಯಾಂಕ್ ವಿವರಗಳನ್ನು ಅದರಲ್ಲಿಡುವುದು ಸರಿ ಕಾಣಲಿಲ್ಲ.

8 ಜಿಬಿ ರ‍್ಯಾಮ್ ಇರಲೇಬೇಕೆಂದೆವು. ಬಸ್ಸಿನ ಕುಲುಕಾಟಕ್ಕೆ ಹಾರ್ಡ್‌ಡಿಸ್ಕ್‌ಗಿಂತ ಎಸ್‌ಎಸ್‌ಡಿ ವಾಸಿ. 256 ಜಿಬಿ ಧಾರಾಳ. ಪರದೆ ಮಾತ್ರ 15.6 ಇಂಚಿನದು. ಪಕ್ಕದಲ್ಲಿ ಕೂತ ಪೋಷಕರು ಮಗುವಿನ ಹೆಸರು, ಖಾತೆ ಸಂಖ್ಯೆಯನ್ನು ತಾವೇ ಓದಿ ನೋಡಬೇಕು. ಗ್ರಾಫಿಕ್ಸ್ ಕಾರ್ಡ್ ಬೇಡವೆಂದೆವು.

ಜಕಾತ್ ಹಣ ಅರ್ಹರ ಕೈಗೇ ಸೇರಬೇಕು. ಆದ್ದರಿಂದ ಇದನ್ನು ಸಾಮಾನ್ಯ ದೇಣಿಗೆ ಖಾತೆಯಿಂದ ಕೊಂಡಿದ್ದೇವೆ.

ಅರ್ಜಿ ತುಂಬಿಸಲು ಬರುವವರು ಆಧಾರ್‌ಗೆ ಜೋಡಿಸಿದ ಮೊಬೈಲನ್ನು ದಯವಿಟ್ಟು ಜೊತೆಗೆ ತನ್ನಿ. ಆಧಾರ್ ಒಟಿಪಿ ಅದಕ್ಕೇ ಬರುವುದು.