ಒಂದೂವರೆ ಲಕ್ಷದ ಮಾನಿಟರು: ಕಣ್ಣಿಗೆಷ್ಟು, ಜೇಬಿಗೆಷ್ಟು?

‘ದನ’ಕ್ಕೂ ‘ಧನ’ಕ್ಕೂ ಇರುವ ವ್ಯತ್ಯಾಸ ಅಕ್ಷರದ ಬುಡದಲ್ಲಿರುವ ಒಂದು ಪುಟ್ಟ ಸೀಳು ಮಾತ್ರ. ಸಾಧಾರಣ ಕಂಪ್ಯೂಟರ್ ಪರದೆಯ ಮೇಲೆ ಕರಡು ತಿದ್ದುವವರಿಗೆ ಈ ಸೀಳು ಎಷ್ಟೋ ಬಾರಿ ಕಾಣುವುದೇ ಇಲ್ಲ. ತಪ್ಪನ್ನು ಮರುದಿನ ಓದುಗರೇ ಫೋನಾಯಿಸಿ ತಿಳಿಸುತ್ತಾರೆ! ದಿನಕ್ಕೆ ಎಂಟು ಗಂಟೆ ಪರದೆಯ ಮುಂದೆ ಕೂರುವವರು ದುಬಾರಿ ಮಾನಿಟರಿನತ್ತ ಆಸೆಗಣ್ಣು ಬೀರುವುದು ಇಂಥ ಕಾರಣಗಳಿಗಾಗಿಯೇ.

ಮಾನಿಟರಿನಲ್ಲಿ ಅಕ್ಷರಗಳು ಮೂಡುವುದು ಪಿಕ್ಸೆಲ್ ಎಂಬ ಚುಕ್ಕಿಗಳಿಂದ. 27 ಇಂಚಿನ ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಒಂದು ಇಂಚಿಗೆ ಸುಮಾರು 82 ಚುಕ್ಕಿಗಳು. ಅದೇ ಗಾತ್ರದ 4ಕೆ ಪರದೆಯಲ್ಲಿ 163, 5ಕೆ ಪರದೆಯಲ್ಲಿ 218. ಇಂಗ್ಲಿಷಿನ ಅಕ್ಷರಗಳು ಕಡಿಮೆ ಚುಕ್ಕಿಗಳಲ್ಲೂ ಹೇಗೋ ನಿಭಾಯಿಸುತ್ತವೆ. ಆದರೆ ‘ರಾಷ್ಟ್ರೀಯ’ ಎಂಬ ಪದದಲ್ಲಿ ಒಂದರ ಕೆಳಗೊಂದು ಒತ್ತಕ್ಷರಗಳು ಕೂರಬೇಕು, ಜೊತೆಗೆ ದೀರ್ಘವೂ ಸೇರಬೇಕು. ಚುಕ್ಕಿಗಳ ಬಡತನ ಮೊದಲು ತಟ್ಟುವುದು ಕನ್ನಡದಂಥ ಲಿಪಿಗಳಿಗೆ.

2022ರ ಮಾರ್ಚ್‌ನಲ್ಲಿ ಆಪಲ್ ಸಂಸ್ಥೆ ಬಿಡುಗಡೆ ಮಾಡಿದ ಸ್ಟುಡಿಯೋ ಡಿಸ್ಪ್ಲೇಯನ್ನೇ ಉದಾಹರಣೆಯಾಗಿ ನೋಡೋಣ. 27 ಇಂಚಿನ ಈ 5ಕೆ ಪರದೆಯ ಆರಂಭಿಕ ಬೆಲೆ ಭಾರತದಲ್ಲಿ 1,59,900 ರೂಪಾಯಿ ಇತ್ತು. ಇದರಲ್ಲಿರುವ ಚುಕ್ಕಿಗಳು ಒಂದು ಕೋಟಿ 47 ಲಕ್ಷ, ಅಂದರೆ ಫುಲ್ ಎಚ್‌ಡಿಯ ಏಳು ಪಟ್ಟು. ಅಕ್ಷರಗಳು ಅಚ್ಚಾದ ಪುಟದಂತೆ ಕಾಣುತ್ತವೆ ಎಂಬುದರಲ್ಲಿ ಎರಡು ಮಾತಿಲ್ಲ. ಒಂದೇ ತಂತಿಯಲ್ಲಿ ಚಿತ್ರವೂ ಹರಿಯುತ್ತದೆ, ಲ್ಯಾಪ್‌ಟಾಪ್‌ಗೆ 96 ವ್ಯಾಟ್ ವರೆಗೆ ವಿದ್ಯುತ್ತೂ ಸಿಗುತ್ತದೆ. ಮೇಜಿನ ಮೇಲಿನ ತಂತಿಗಳ ಗೋಜಲು ತಪ್ಪುವುದು ಸಣ್ಣ ಸುಖವೇನಲ್ಲ.

ಆದರೆ ಕೊಟ್ಟ ಹಣಕ್ಕೆ ಎಲ್ಲವೂ ಸಿಗುವುದಿಲ್ಲ. ಅದರ ಕ್ಯಾಮೆರಾದ ಮಸುಕು ಚಿತ್ರವನ್ನು ವಿಮರ್ಶಕರು ಬಿಡುಗಡೆಯ ವಾರದಲ್ಲೇ ಟೀಕಿಸಿದರು. ಸಂಸ್ಥೆಯು ತಂತ್ರಾಂಶದ ಮೂಲಕ ಅದನ್ನು ತಿದ್ದಲು ಮುಂದಾಯಿತು. ಏಕೆಂದರೆ ಈ ಪರದೆಯ ಒಳಗೆ 2019ರ ಐಫೋನ್ 11ರಲ್ಲಿದ್ದ ಎ13 ಚಿಪ್ ಇದೆ. ಮಾನಿಟರಿಗೂ ಅಪ್‌ಡೇಟ್ ಹಾಕುವ ಕಾಲ ಬಂತೆನ್ನಿ! ಅದೇ ವರ್ಷ ಕೆಲವರ ಸ್ಪೀಕರುಗಳು ಕೈಕೊಟ್ಟಾಗ ದೊರೆತ ಪರಿಹಾರವೆಂದರೆ ಪ್ಲಗ್ ಕಿತ್ತು ಮತ್ತೆ ಹಾಕುವುದು. ಇದಕ್ಕೆ ಪವರ್ ಬಟನ್ನೇ ಇಲ್ಲವಲ್ಲ.

ನಮಗೆ ಹೆಚ್ಚು ಅಖರುವುದು ಸ್ಟ್ಯಾಂಡಿನ ವಿಷಯ. ಮೂಲ ಬೆಲೆಯ ಸ್ಟ್ಯಾಂಡನ್ನು ಹಿಂದೆ ಮುಂದೆ ಬಾಗಿಸಬಹುದೇ ಹೊರತು ಎತ್ತರ ಬದಲಿಸಲಾಗದು. ಎತ್ತರ ಹೊಂದಿಸುವ ಸ್ಟ್ಯಾಂಡಿಗೆ ಅಮೆರಿಕದಲ್ಲಿ 400 ಡಾಲರ್ ಹೆಚ್ಚುವರಿ ಬೆಲೆ ಇಡಲಾಗಿತ್ತು. ಕೊಳ್ಳುವಾಗಲೇ ನಿರ್ಧರಿಸಬೇಕು, ಆಮೇಲೆ ಮನೆಯಲ್ಲಿ ಬದಲಿಸಲು ಬಾರದು. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ತುಸು ಕೆಳಗಿರಬೇಕು, ಇಲ್ಲದಿದ್ದರೆ ಕುತ್ತಿಗೆ ನೋವು ಖಚಿತ. ಲಕ್ಷಗಟ್ಟಲೆ ತೆತ್ತ ಮಾನಿಟರಿನ ಕೆಳಗೆ ಎರಡು ದಪ್ಪ ನಿಘಂಟುಗಳನ್ನು ಇಡುವ ಪರಿಸ್ಥಿತಿ ಯಾರಿಗೂ ಬೇಡ.

ಇನ್ನು ಕರೆಂಟು. ವಿದ್ಯುತ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತದೆ, ದೊಡ್ಡ ಪರದೆ ಕತ್ತಲಾಗುತ್ತದೆ. ಯುಪಿಎಸ್ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಒಳಿತು.

ಹಾಗಾದರೆ 4ಕೆ ಸಾಲದೇ? ವಿಂಡೋಸ್ ಬಳಸುವವರಿಗೆ 27 ಇಂಚಿನ 4ಕೆ ಧಾರಾಳವಾಗಿ ಸಾಕು, ಅದೂ ಮೇಲಿನ ಬೆಲೆಯ ಕಾಲು ಭಾಗಕ್ಕಿಂತ ಕಡಿಮೆಗೆ ದೊರೆಯುತ್ತದೆ. ಮ್ಯಾಕ್ ಬಳಕೆದಾರರ ಪಾಡು ಬೇರೆ. ಅಕ್ಷರಗಳ ಅಂಚನ್ನು ನಯಗೊಳಿಸುವ ಹಳೆಯ ವಿಧಾನವೊಂದನ್ನು ಆಪಲ್ 2018ರಲ್ಲಿ ಕೈಬಿಟ್ಟ ಬಳಿಕ ಕಡಿಮೆ ಸಾಂದ್ರತೆಯ ಪರದೆಗಳಲ್ಲಿ ಅಕ್ಷರಗಳು ಸೊರಗಿದಂತೆ ಕಾಣುತ್ತವೆ.

ಕಣ್ಣಿನ ಮಾತು ಹೇಳಲೇಬೇಕು. ಪರದೆಯನ್ನು ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಕಣ್ಣು ಒಣಗಿ ಉರಿಯುತ್ತದೆ. ಪರದೆ ಅಗ್ಗದ್ದಾಗಲಿ ದುಬಾರಿಯದ್ದಾಗಲಿ, ಇದು ತಪ್ಪದು. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿರೆಂಬ ಸಲಹೆಗೆ ಖರ್ಚೇನೂ ಇಲ್ಲ.

ಕೊಳ್ಳುವ ಮುನ್ನ ನಿಮ್ಮದೇ ಲ್ಯಾಪ್‌ಟಾಪನ್ನು ಅಂಗಡಿಗೆ ಒಯ್ಯಿರಿ. ಅಲ್ಲಿ ತೋರಿಸುವ ಬಣ್ಣಬಣ್ಣದ ಹೂವಿನ ಚಿತ್ರಗಳಿಗೆ ಮರುಳಾಗದೆ, ದಿನವೂ ಓದುವ ಗಾತ್ರದಲ್ಲಿ ಒಂದು ಕನ್ನಡ ಪುಟ ತೆರೆಯಿರಿ. ತೋಳಿನಷ್ಟು ದೂರ ಕುಳಿತು ‘ದನ’ ಯಾವುದು, ‘ಧನ’ ಯಾವುದು ಎಂದು ಗುರುತಿಸಿ ನೋಡಿ.